ಬೆಂಗಳೂರಿಗಿಂತ ಮೊದಲೇ ನಮ್ಮ ಜಿಲ್ಲೆಗೆ ಬಂದ ಟಿ.ವಿ.

ಕರ್ನಾಟಕದಲ್ಲಿ ಟಿ.ವಿ. ಮೊದಲು ಎಲ್ಲಿ ಬಂತು ಎಂದು ಯಾರನ್ನೇ ಕೇಳಿ, ಬೆಂಗಳೂರು ಅನ್ನುತ್ತಾರೆ. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮುಂಚೆ, 1975ರ ಆಗಸ್ಟ್ 1ಕ್ಕೆ, ನಮ್ಮ ವಿಜಾಪುರ, ಜೊತೆಗೆ ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಟಿ.ವಿ. ಕನ್ನಡ ಮಾತಾಡಿಯಾಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಇವತ್ತಿನ ಹುಡುಗರಿಗೆ ಇದನ್ನು ಹೇಳಿದರೆ ನಗುತ್ತಾರೆ. ಯಾವುದಕ್ಕೂ ಕೊನೆಯ ಪಾಳಿಯೇ ನಮ್ಮದು ಎಂದು ರೂಢಿಯಾಗಿಬಿಟ್ಟಿದೆಯಲ್ಲ!

ಆ ಸಲ ಮಾತ್ರ ಹಿಂದುಳಿದದ್ದೇ ಅರ್ಹತೆಯಾಯಿತು. ಬಾಹ್ಯಾಕಾಶ ವಿಜ್ಞಾನಿ ವಿಕ್ರಮ್ ಸಾರಾಭಾಯಿ ಕಂಡ ಕನಸು ಅದು. ದೊಡ್ಡ ಊರುಗಳನ್ನು ಬಿಟ್ಟು ನೇರ ಹಳ್ಳಿಗೇ ಟಿ.ವಿ. ಹೋಗಬೇಕೆಂದು ಅವರು 1969ರಲ್ಲಿಯೇ ಅಮೆರಿಕದ ನಾಸಾ ಜೊತೆ ಒಪ್ಪಂದಕ್ಕೆ ದಾರಿ ಮಾಡಿದರು. ನೋಡಲು ಅವರು ಉಳಿಯಲಿಲ್ಲ, 1971ರಲ್ಲಿ ತೀರಿಕೊಂಡರು. ಅವರ ನಂತರ ಇಸ್ರೋದವರು ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ತಂದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿದರು. ಈ ಪ್ರಯೋಗದ ಹೆಸರು ‘ಸೈಟ್’. ಶಾಲೆಯ ಮೇಲೋ ಪಂಚಾಯಿತಿ ಕಟ್ಟಡದ ಮೇಲೋ ಕೋಳಿಗೂಡಿಗೆ ಹಾಕುವ ಜಾಳಿಗೆಯಿಂದ ಮಾಡಿದ ಹತ್ತು ಅಡಿಯ ಆಂಟೆನಾ, ಕೆಳಗೆ ಊರಿಗೊಂದೇ ಟಿ.ವಿ. ಇಂಥದೇ ಒಂದು ಆಂಟೆನಾವನ್ನು ನಮ್ಮ ಇಸ್ರೋದವರು ಕೊಲಂಬೊದಲ್ಲಿದ್ದ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಮನೆಗೂ ಹಾಕಿಕೊಟ್ಟಿದ್ದರು. ಅವರ ಮನೆಗೂ ನಮ್ಮ ಹಳ್ಳಿಗೂ ಒಂದೇ ಸರಕು!

ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ. ಹಿಂದಿ, ಒಡಿಯಾ, ತೆಲುಗು, ಕನ್ನಡ ನಾಲ್ಕಕ್ಕೂ ಒಂದೂವರೆ ತಾಸು ಹಂಚಿದಾಗ ಕನ್ನಡದ ಪಾಲಿಗೆ ಬಂದದ್ದು ಇಪ್ಪತ್ತೆರಡೂವರೆ ನಿಮಿಷ. ಸಂಜೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಹಾಡು, ನಾಟಕ, ದಿಲ್ಲಿಯ ಸುದ್ದಿ. ತುರ್ತು ಪರಿಸ್ಥಿತಿಯ ಕಾಲವಾದ್ದರಿಂದ ಸುದ್ದಿಯಲ್ಲಿ ಸರ್ಕಾರದ್ದೇ ಮಾತು, ಅದನ್ನು ಮುಚ್ಚಿಟ್ಟು ಹಾಡಿ ಹೊಗಳಬೇಕಿಲ್ಲ. ಆದರೆ ಹೈದರಾಬಾದಿನ ಸ್ಟುಡಿಯೊದಲ್ಲಿ ಕೂತವರು, ಒಣಬೇಸಾಯದ ಕನ್ನಡ ರೈತನಿಗೆ ಇವತ್ತು ಏನು ಹೇಳೋಣ ಎಂದು ತಲೆ ಕೆಡಿಸಿಕೊಳ್ಳುತ್ತಿದ್ದರು. ಇತ್ತ ಊರಲ್ಲಿ ಟಿ.ವಿ. ಮುಂದೆ ಕೂಡುವಾಗ ಓಣಿ ಓಣಿಯವರು ಬೇರೆ ಬೇರೆ ಕೂತಿದ್ದರೂ ಇರಬಹುದು, ನೋಡಿದ್ದು ಒಂದೇ ಪೆಟ್ಟಿಗೆ.

1976ರ ಜುಲೈ 31ಕ್ಕೆ ಅವಧಿ ಮುಗಿಯಿತು. ಅಮೆರಿಕ ತನ್ನ ಉಪಗ್ರಹವನ್ನು ತನ್ನ ಕಡೆಗೆ ಸರಿಸಿಕೊಂಡಿತು. ಮರುವರ್ಷ ಗುಲ್ಬರ್ಗಾದಲ್ಲಿ ನೆಲದ ಪ್ರಸಾರ ಕೇಂದ್ರ ಬಂತು.

ಆಮೇಲಿನದು ಮಾಳಿಗೆ ಮೇಲಿನ ಆಂಟೆನಾ ಕಾಲ. ನಮ್ಮ ಕಡೆ ಮಣ್ಣಿನ ಮಾಳಿಗೆ, ಹತ್ತಲು ಸುಲಭ. ಒಬ್ಬ ಮೇಲೆ ಕೊಳವೆ ಹಿಡಿದು ತಿರುವುವುದು, ಇನ್ನೊಬ್ಬ ಬಾಗಿಲಲ್ಲಿ, ಮತ್ತೊಬ್ಬ ಟಿ.ವಿ. ಮುಂದೆ. “ಬಂತೇನೋ?” “ಇನ್ನಾ ಇಲ್ಲೋ ಮಾಮಾ, ಸ್ವಲ್ಪ ಹಿಂದಕ್ಕ ತಿರುವು!” “ಈಗ?” “ಹಾಂ, ಬಂತು ಬಂತು... ಹೋತು!” ರಾಮಾಯಣದ ಭಾನುವಾರ ಟಿ.ವಿ. ಇದ್ದವರ ಪಡಸಾಲೆ ಅವರದಾಗಿ ಉಳಿಯುತ್ತಿರಲಿಲ್ಲ. ಚಪ್ಪಲಿ ಬಾಗಿಲಾಚೆ ಬಿಟ್ಟು ಯಾರು ಬೇಕಾದರೂ ಬಂದು ಕೂಡುತ್ತಿದ್ದರು, ಮನೆಯ ಅವ್ವ ಬೈಯುತ್ತಲೇ ಜಾಗ ಮಾಡಿಕೊಡುತ್ತಿದ್ದಳು. ಶುಕ್ರವಾರದ ಸಿನಿಮಾ ಹಾಡುಗಳ ‘ಚಿತ್ರಮಂಜರಿ’ಗೂ ಅಷ್ಟೇ. 1994ರಲ್ಲಿ ಉದಯ ಟಿ.ವಿ. ಶುರುವಾಯಿತು, ಕೇಬಲ್ ಬಂತು, ಡಿಶ್ಶಿನ ಛತ್ರಿ ಬಂತು. ಮಾಳಿಗೆ ಹತ್ತುವ ಕೆಲಸ ತಪ್ಪಿತು, ಪಡಸಾಲೆ ಖಾಲಿಯಾಯಿತು.

2022ರ ಮಾರ್ಚ್ ಹೊತ್ತಿಗೆ ದೂರದರ್ಶನ ನಡೆಸುವ ಪ್ರಸಾರ ಭಾರತಿ ಆಯಕಟ್ಟಿನ ಕೆಲವು ಜಾಗ ಬಿಟ್ಟು ದೇಶದ ಹಳೆಯ ನೆಲದ ಪ್ರಸಾರ ಕೇಂದ್ರಗಳನ್ನೆಲ್ಲ ಮುಚ್ಚಿತು. ದೂರದರ್ಶನದ ಕನ್ನಡ ಚಾನೆಲ್ ಚಂದನ ಈಗಲೂ ಇದೆ, ಡಿಶ್ಶಿನಲ್ಲಿ ಬರುತ್ತದೆ. ಮುಚ್ಚಿದ್ದಕ್ಕೆ ನನಗೆ ತಕರಾರಿಲ್ಲ. ನೋಡುವವರಿಲ್ಲದ ಕಂಬಕ್ಕೆ ಕರೆಂಟು ಯಾಕೆ? ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಕನ್ನಡ ಚಾನೆಲ್‌ಗಳು ಇಷ್ಟೊಂದಾದರೂ, ಧಾರಾವಾಹಿಗಳ ಹೆಚ್ಚಿನ ಮನೆಗಳು ಬೆಂಗಳೂರು, ಮೈಸೂರು ಕಡೆಯವು. ನಮ್ಮ ಮಾತು ಅಲ್ಲಿ ಬಂದರೆ ಬಹಳ ಸಲ ನಗಿಸುವುದಕ್ಕೇ ಬರುತ್ತದೆ. ಹಿಂಗಾರಿಯ ಬಿಳಿಜೋಳದ ಚಿಂತೆಗೆ ಸಂಜೆಯ ಅರ್ಧ ತಾಸು ಕೊಡುವ ಚಾನೆಲ್ ನನಗಂತೂ ಕಂಡಿಲ್ಲ.

1975ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಅರವತ್ತು ಮುಟ್ಟಿದ್ದಾರೆ, ಆಗಿನ ಮಾಸ್ತರುಗಳಲ್ಲಿ ಬಹಳ ಜನ ಎಂಬತ್ತು ದಾಟಿದ್ದಾರೆ. ನಿಮ್ಮ ಊರಿನಲ್ಲಿ ಆ ಟಿ.ವಿ. ನೋಡಿದವರು ಯಾರಾದರೂ ಇದ್ದರೆ ಈ ದೀಪಾವಳಿಗೆ ಊರಿಗೆ ಹೋದಾಗ ಎದುರು ಕೂತು ಕೇಳಿ, ಮೊಬೈಲಿನಲ್ಲಿ ದನಿ ಹಿಡಿದಿಡಿ. ಶಾಲೆಯ ಅಟ್ಟದ ಮೇಲೆ ಹಳೆಯ ಪೆಟ್ಟಿಗೆ ಏನಾದರೂ ಸಿಕ್ಕರೆ ಗುಜರಿಗೆ ಹಾಕಬೇಡಿ.