ಒಳಮೈ ಹೊರಗಾದ ಚರ್ಮ

ಮಕ್ಕಳೇ, ಕೆಲವರು ಹಾಕಿಕೊಳ್ಳುವ ಬೂಟುಗಳು ಮಖಮಲ್ಲಿನಂತೆ ಮೆತ್ತಗಿರುತ್ತವೆ. ಸ್ವಲ್ಪವೂ ಹೊಳೆಯುವುದಿಲ್ಲ. ನೀವೂ ನೋಡಿರಬಹುದು. ಆ ಬಗೆಯ ಚರ್ಮಕ್ಕೆ ಸ್ವೇಡ್ ಎಂದು ಹೆಸರು. ಅದರ ಪರಿಚಯ ನನಗಾದದ್ದು ಒಂದು ತಪ್ಪಿನಿಂದ.

ನಾನಾಗ ಏಳನೇ ತರಗತಿಯಲ್ಲಿದ್ದೆ. ಒಂದು ಶನಿವಾರ ಬೆಂಗಳೂರಿನಿಂದ ಮಾವ ಬಂದರು. ಅವರ ಕಂದು ಬಣ್ಣದ ಬೂಟುಗಳಿಗೆ ನಮ್ಮೂರಿನ ಕೆಂಪು ಧೂಳು ಮೆತ್ತಿಕೊಂಡಿತ್ತು. ಮಾವನಿಗೆ ಖುಷಿಯಾಗಲಿ ಎಂದು ನಾನು ಅವುಗಳನ್ನು ಚೆನ್ನಾಗಿ ತೊಳೆದು, ರಾತ್ರಿ ಒಲೆಯ ಪಕ್ಕ ಒಣಗಲು ಇಟ್ಟೆ. ಬೆಳಗ್ಗೆ ಎದ್ದು ನೋಡಿದರೆ ಬೂಟುಗಳು ಹಪ್ಪಳದಂತೆ ಬಿರುಸಾಗಿದ್ದವು! ಗಾಬರಿಯಿಂದ ಒಂದರ ತುದಿಗೆ ಪಾಲಿಶ್ ತಿಕ್ಕಿದೆ. ಹೊಳಪು ಬರುವ ಬದಲು ಅಲ್ಲೊಂದು ಕಪ್ಪು ಕಲೆ ಕೂತಿತು.

ಅಂದು ಸಂತೆಯ ದಿನ. ಬೂಟುಗಳನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು ಸಂತೆಯ ಬೇವಿನ ಮರದ ಕೆಳಗೆ ಚಪ್ಪಲಿ ಹೊಲಿಯುತ್ತಿದ್ದವರ ಬಳಿ ಓಡಿದೆ. ಅಲ್ಲಿ ತಲುಪಿದ ಮೇಲೆ ನನ್ನ ಕಾಲು ಹಿಂದೇಟು ಹಾಕಿತು. ಅವರ ಮಗ ನನ್ನ ತರಗತಿಯವನೇ. ಅವನ ಚೀಲದಿಂದ ಚರ್ಮದ ವಾಸನೆ ಬರುತ್ತದೆ ಎಂದು ಹೇಳಿ ಹಿಂದಿನ ವಾರವಷ್ಟೇ ನಾನು ಬೇರೆ ಬೆಂಚಿಗೆ ಹೋಗಿ ಕುಳಿತಿದ್ದೆ. ಈಗ ಅವನೂ ಅಪ್ಪನ ಪಕ್ಕದಲ್ಲಿ ಕುಳಿತು ದಾರಕ್ಕೆ ಮೇಣ ಸವರುತ್ತಿದ್ದ. ನನ್ನನ್ನು ನೋಡಿ ತಲೆ ತಗ್ಗಿಸಿದ.

ಅವನ ಅಪ್ಪ ಬೂಟನ್ನು ಕೈಗೆತ್ತಿಕೊಂಡು, "ಇದಕ್ಕೆ ಪಾಲಿಶ್ ಹಾಕಬಾರದು ಮಗು, ಇದು ಚರ್ಮದ ಒಳಮೈ" ಎಂದರು. ನನಗೆ ಅರ್ಥವಾಗಲಿಲ್ಲ. ಅವರು ಚರ್ಮದ ಒಂದು ತುಂಡನ್ನು ನನ್ನ ಕೈಗಿಟ್ಟರು. ಅದರ ಒಂದು ಬದಿ ನುಣುಪಾಗಿತ್ತು, ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಿದ್ದವು. "ಇದು ಹೊರಮೈ. ಕೂದಲು ಇದ್ದ ಜಾಗದಲ್ಲಿ ಈ ತೂತುಗಳು" ಎಂದರು. ತಿರುಗಿಸಿದರೆ ಇನ್ನೊಂದು ಬದಿ ಜುಂಗು ಜುಂಗಾಗಿತ್ತು. "ಇದು ಮಾಂಸಕ್ಕೆ ಅಂಟಿಕೊಂಡಿದ್ದ ಬದಿ. ಇದನ್ನೇ ಉಜ್ಜಿ ನಯ ಮಾಡಿ, ಮೇಲ್ಮುಖವಾಗಿ ಇಟ್ಟರೆ ನಿಮ್ಮ ಮಾವನ ಬೂಟು!"

ಅವರು ಹೇಳಿದ್ದು ಪೂರ್ತಿ ನಿಜ. ಚರ್ಮದ ಮುಖ್ಯ ಭಾಗವು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳಿಂದ ಆಗಿದೆ. ಹೊರಮೈ ಕಡೆ ಈ ಎಳೆಗಳು ಸಣ್ಣದಾಗಿ, ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ. ಒಳಮೈ ಕಡೆ ಅವು ದಪ್ಪವಾಗಿ, ಸಡಿಲವಾಗಿರುತ್ತವೆ. ಹಸಿ ಚರ್ಮವನ್ನು ಹಾಗೆಯೇ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ಕೊಳೆಸುತ್ತವೆ. ಆದ್ದರಿಂದ ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದು, ಆಮೇಲೆ ಹದ ಮಾಡುತ್ತಾರೆ. ಹಳದಿ ಹೂ ಬಿಡುವ ಆವರಿಕೆ ಗಿಡವನ್ನು ನೀವು ರಸ್ತೆಬದಿಯಲ್ಲಿ ಕಂಡಿರಬಹುದು. ಅದರ ತೊಗಟೆಯಲ್ಲಿರುವ ಟ್ಯಾನಿನ್ ಎಂಬ ವಸ್ತು ಕೊಲಾಜೆನ್ ಎಳೆಗಳನ್ನು ಹಿಡಿದುಕೊಂಡು ಕೊಳೆಯದಂತೆ ಕಾಪಾಡುತ್ತದೆ. ದಕ್ಷಿಣ ಭಾರತದಲ್ಲಿ ಚರ್ಮ ಹದ ಮಾಡಲು ಈ ತೊಗಟೆಯನ್ನು ಹಿಂದಿನಿಂದಲೂ ಬಳಸಿದ್ದಾರೆ. ಇಂದು ಹೆಚ್ಚಾಗಿ ಕ್ರೋಮಿಯಂ ಲವಣಗಳನ್ನು ಬಳಸುತ್ತಾರೆ.

ಸ್ವೇಡ್ ಮಾಡಲು ಕುರಿ, ಆಡುಗಳ ತೆಳು ಚರ್ಮದ ಒಳಮೈಯನ್ನು ಉಜ್ಜುತ್ತಾರೆ. ದನದ ಚರ್ಮ ದಪ್ಪವಾಗಿರುವುದರಿಂದ ಅದನ್ನು ಯಂತ್ರದಲ್ಲಿ ಪದರಗಳಾಗಿ ಸೀಳಿ, ಕೆಳಗಿನ ಪದರವನ್ನು ಬಳಸುತ್ತಾರೆ. ಉಜ್ಜಿದಾಗ ಎಳೆಗಳ ತುದಿಗಳು ಎದ್ದು ನಿಲ್ಲುತ್ತವೆ. ಮೆತ್ತನೆಯ ಸ್ಪರ್ಶಕ್ಕೆ ಅವೇ ಕಾರಣ. ನೀರು ಈ ಸಡಿಲ ಎಳೆಗಳ ನಡುವೆ ಬೇಗ ಇಳಿಯುತ್ತದೆ. ಒಣಗುವಾಗ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಬಿರುಸಾಗುತ್ತವೆ. ಪಾಲಿಶಿನಲ್ಲಿರುವ ಮೇಣವಂತೂ ಅವುಗಳನ್ನು ಮಲಗಿಸಿಯೇ ಬಿಡುತ್ತದೆ. ನಾನು ಎರಡೂ ತಪ್ಪು ಮಾಡಿದ್ದೆ!

ಅವರು ಬೂಟುಗಳನ್ನು ಕೈಯಿಂದ ನಾದಿ, ಒಣ ಬ್ರಷ್‌ನಿಂದ ತಿಕ್ಕಿದರು. ಎಳೆಗಳು ಮೆಲ್ಲಗೆ ಎದ್ದವು. ಪಾಲಿಶಿನ ಕಲೆ ಮಾತ್ರ ಉಳಿಯಿತು. "ಮಾವನಿಗೆ ನಿಜ ಹೇಳು" ಎಂದರು. ದುಡ್ಡು ತೆಗೆದುಕೊಳ್ಳಲಿಲ್ಲ.

ನಾನು ನಿಜವನ್ನೇ ಹೇಳಿದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ನಕ್ಕು, "ಸ್ವೇಡ್ ಅಂದರೇನು ಗೊತ್ತೇ? ಒಂದು ದೇಶದ ಹೆಸರು" ಎಂದರು. ಫ್ರೆಂಚ್ ಭಾಷೆಯಲ್ಲಿ ಸ್ವೀಡನ್ ದೇಶವನ್ನು ಸ್ಯುಎದ್ ಎನ್ನುತ್ತಾರೆ. ಒಳಮೈ ಹೊರಗೆ ಕಾಣುವಂತೆ ಹೊಲಿದ ಮೃದುವಾದ ಕೈಗವಸುಗಳನ್ನು ಫ್ರೆಂಚರು 'ಸ್ವೀಡನ್ನಿನ ಕೈಗವಸು' ಎಂದು ಕರೆದರು. 19ನೇ ಶತಮಾನದಲ್ಲಿ ಈ ಹೆಸರು ಇಂಗ್ಲಿಷಿಗೆ ಬಂತು. ಬರುಬರುತ್ತಾ ಕೈಗವಸು ಬಿಟ್ಟುಹೋಗಿ, ದೇಶದ ಹೆಸರೇ ಚರ್ಮದ ಹೆಸರಾಗಿ ಉಳಿಯಿತು. ತಮಾಷೆ ಏನೆಂದರೆ, ಸ್ವೀಡನ್ನಿನವರು ಇದನ್ನು ತಮ್ಮ ದೇಶದ ಹೆಸರಿನಿಂದ ಕರೆಯುವುದಿಲ್ಲ, ಮೊಕ್ಕಾ ಎನ್ನುತ್ತಾರೆ! ಜರ್ಮನರು ಕರೆಯುವ ಹೆಸರಿಗೆ 'ಕಾಡುಪ್ರಾಣಿಯ ಚರ್ಮ' ಎಂದು ಅರ್ಥ.

ಈ ಯಾವ ಹೆಸರೂ ಆ ಚರ್ಮ ಎಂಥದು ಎಂದು ತಿಳಿಸುವುದಿಲ್ಲ. ಬೇವಿನ ಮರದ ಕೆಳಗೆ ಕುಳಿತವರು ಹೇಳಿದ 'ಒಳಮೈ' ಎಂಬ ಒಂದೇ ಮಾತು ಎಲ್ಲವನ್ನೂ ತಿಳಿಸಿತ್ತು. ಚರ್ಮವನ್ನು ಅಧ್ಯಯನ ಮಾಡಲೆಂದೇ ಚೆನ್ನೈನಲ್ಲಿ 1948ರಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಆರಂಭವಾಯಿತು ಎಂಬುದನ್ನು ನಾನು ದೊಡ್ಡವನಾದ ಮೇಲೆ ಓದಿದೆ. ಆದರೆ ಚರ್ಮದ ವಿಜ್ಞಾನದ ಮೊದಲ ಪಾಠ ನನಗೆ ಸಿಕ್ಕಿದ್ದು ಸಂತೆಯಲ್ಲಿ. ನಾನು ಯಾವ ವಾಸನೆಗೆ ಮುಖ ತಿರುಗಿಸಿದ್ದೆನೋ ಅದರ ಹಿಂದೆ ಇಷ್ಟೊಂದು ತಿಳಿವಳಿಕೆ ಇತ್ತು.

ಸೋಮವಾರ ನಾನು ಹಳೆಯ ಬೆಂಚಿಗೆ ಮರಳಿದೆ. "ತಪ್ಪಾಯಿತು" ಎಂದೆ. ಅವನು ಏನೂ ಹೇಳದೆ ತನ್ನ ಚೀಲ ಸರಿಸಿ ನನಗೆ ಜಾಗ ಕೊಟ್ಟ.

ನೀವೂ ಒಂದು ಕೆಲಸ ಮಾಡಿ. ಹಳೆಯ ಚರ್ಮದ ಬೆಲ್ಟಿನದೋ ಚಪ್ಪಲಿಯದೋ ಒಂದು ತುಂಡನ್ನು ತೆಗೆದುಕೊಂಡು ಭೂತಗನ್ನಡಿಯಲ್ಲಿ ಎರಡೂ ಬದಿ ನೋಡಿ. ಎರಡೂ ಕಡೆ ಒಂದೊಂದು ಹನಿ ನೀರು ಹಾಕಿ. ಯಾವ ಬದಿ ಬೇಗ ಹೀರಿತು? ಏಕೆ? ನಿಮ್ಮೂರಿನಲ್ಲಿ ಚಪ್ಪಲಿ ಹೊಲಿಯುವವರಿದ್ದರೆ ಅವರನ್ನೂ ಕೇಳಿ. ಕೇಳಿ ತಿಳಿದದ್ದನ್ನು ತರಗತಿಯಲ್ಲಿ ಹೇಳುವಾಗ, ಹೇಳಿಕೊಟ್ಟವರ ಹೆಸರನ್ನೂ ಹೇಳಲು ಮರೆಯಬೇಡಿ.