ನೊಗೆಯ ಕಾಫಿ ಅಂಗಡಿಯಲ್ಲಿ ಹೊಸ ರೆಕಾರ್ಡು

ಟೋಕಿಯೊದಿಂದ ಹೊರಟ ಲೋಕಲ್ ರೈಲು ಮುಕ್ಕಾಲು ಗಂಟೆಯ ಹೊತ್ತಿಗೆ ಯೊಕೊಹಾಮಾದ ಸಕುರಾಗಿಚೊ ನಿಲ್ದಾಣ ಸೇರುತ್ತದೆ. 1872ರಲ್ಲಿ ಜಪಾನಿನ ಮೊಟ್ಟಮೊದಲ ರೈಲು ಓಡಿದಾಗ ಯೊಕೊಹಾಮಾ ನಿಲ್ದಾಣವಿದ್ದದ್ದು ಇಲ್ಲಿಯೇ. ನಿಲ್ದಾಣದ ಒಂದು ಮಗ್ಗುಲಿಗೆ ಬಂದರು, ಆಕಾಶಕ್ಕೆ ಏಣಿ ಹಾಕಿದಂಥ ಕಟ್ಟಡಗಳು. ಪ್ರವಾಸಿಗಳೆಲ್ಲ ಆ ಕಡೆಗೇ ತಿರುಗುತ್ತಾರೆ. ಇನ್ನೊಂದು ಮಗ್ಗುಲಿಗಿರುವುದು ನೊಗೆ. ಯುದ್ಧ ಮುಗಿದ ಕಾಲದಲ್ಲಿ ಕಾಳಸಂತೆ ನಡೆಯುತ್ತಿದ್ದ ಜಾಗ. ಈಗ ಇಕ್ಕಟ್ಟಾದ ಓಣಿಗಳು, ಕೆಂಡದ ಮೇಲೆ ಕೋಳಿ ಸುಡುವ ಪುಟ್ಟ ಅಂಗಡಿಗಳು, ಸಂಜೆಯಾದರೆ ಹೊಗೆ ಮತ್ತು ನಗು. ಈ ಓಣಿಗಳಲ್ಲೊಂದು ಕಾಫಿ ಅಂಗಡಿ ಇತ್ತು. ಹೆಸರು ಚಿಗುಸಾ. ಅಲ್ಲಿಗೆ ಜನ ಹೋಗುತ್ತಿದ್ದುದು ಕಾಫಿಗಲ್ಲ, ಅಮೆರಿಕದಿಂದ ಹೊಸದಾಗಿ ಬಂದ ಜಾಝ್ ರೆಕಾರ್ಡು ಕೇಳುವುದಕ್ಕೆ.

ಜಪಾನಿನಲ್ಲಿ ಇಂಥ ಅಂಗಡಿಗೆ ಜಾಝ್ ಕಿಸ್ಸಾ ಎನ್ನುತ್ತಾರೆ. ಕಿಸ್ಸಾತೆನ್ ಎಂದರೆ ಚಹಾ ಕುಡಿಯುವ ಅಂಗಡಿ. ಜಾಝ್ ಕಿಸ್ಸಾ ಅದರ ಸಂಗೀತಪ್ರಿಯ ತಮ್ಮ. ಮೊದಲನೆಯದು 1929ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಕೆಂಪು ಬಾಗಿಲಿನೆದುರು ಶುರುವಾಯಿತೆಂದು ಹೇಳುತ್ತಾರೆ. ವಿದ್ಯಾರ್ಥಿಗಳಿಗೂ ಈ ಅಂಗಡಿಗಳಿಗೂ ನಂಟು ಅಂದಿನಿಂದಲೇ ಇದೆ. ಚಿಗುಸಾ ತೆರೆದದ್ದು 1933ರಲ್ಲಿ. ಮಾಲೀಕ ಯೊಶಿದಾ ಮಾಮೊರು ಅವರಿಗೆ ಆಗ ವಯಸ್ಸು ಇಪ್ಪತ್ತು.

ಜಾಝ್ ಸಂಗೀತಕ್ಕೆ ರೆಕಾರ್ಡು ಏಕಿಷ್ಟು ಮುಖ್ಯ? ನಮ್ಮ ಕರ್ನಾಟಕ ಸಂಗೀತದಲ್ಲಿ ಮನೋಧರ್ಮವೆಂಬುದಿದೆಯಲ್ಲ, ಜಾಝ್ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ. ಅಮೆರಿಕದ ಕರಿಯರ ಬದುಕಿನಲ್ಲಿ ಹುಟ್ಟಿದ ಈ ಸಂಗೀತದಲ್ಲಿ ಬರೆದಿಟ್ಟ ಧಾಟಿ ಒಂದು ನೆಪ ಮಾತ್ರ. ಆ ರಾತ್ರಿ ಆ ವಾದಕ ಅದನ್ನು ಹೇಗೆ ಬೆಳೆಸಿದನೆನ್ನುವುದೇ ಸಂಗೀತ. ಮರುದಿನ ಅವನೇ ನುಡಿಸಿದರೂ ಅದು ಬೇರೆ. ಆದ್ದರಿಂದ ನ್ಯೂಯಾರ್ಕಿನಿಂದ ಸಾವಿರಾರು ಮೈಲಿ ದೂರವಿದ್ದವರಿಗೆ ರೆಕಾರ್ಡೇ ಗುರು, ರೆಕಾರ್ಡೇ ಪಠ್ಯಪುಸ್ತಕ.

ಈ ಪಠ್ಯಪುಸ್ತಕ ಸುಲಭಕ್ಕೆ ಕೈಗೆ ಸಿಗುತ್ತಿರಲಿಲ್ಲ. 1943ರಲ್ಲಿ ಜಪಾನ್ ಸರ್ಕಾರ ಶತ್ರು ದೇಶದ ಸಂಗೀತವೆಂದು ಅಮೆರಿಕ, ಇಂಗ್ಲೆಂಡಿನ ಸುಮಾರು 1,000 ಧಾಟಿಗಳನ್ನು ನಿಷೇಧಿಸಿತು. ಯೊಶಿದಾ ಕೂಡಿಟ್ಟಿದ್ದ ಸುಮಾರು 6,000 ರೆಕಾರ್ಡುಗಳು 1945ರ ಮೇ 29ರಂದು ಯೊಕೊಹಾಮಾದ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಅಂಗಡಿಯ ಸಮೇತ ಸುಟ್ಟುಹೋದವು. ವಿಚಿತ್ರವೆಂದರೆ, ಬಾಂಬು ಹಾಕಿದವರ ದೇಶದ ರೆಕಾರ್ಡುಗಳಿಂದಲೇ ಅಂಗಡಿ ಮತ್ತೆ ತುಂಬಿತು. ಯುದ್ಧಾನಂತರ ಯೊಕೊಹಾಮಾದಲ್ಲಿ ಬೀಡುಬಿಟ್ಟ ಅಮೆರಿಕನ್ ಸೈನಿಕರ ಬಳಿ ‘ವಿ-ಡಿಸ್ಕ್’ ಎಂಬ ರೆಕಾರ್ಡುಗಳಿದ್ದವು. ಸೈನಿಕರ ಮನರಂಜನೆಗೆಂದೇ ಮಾಡಿದ ಇವುಗಳು ಮಾರಾಟಕ್ಕಿರಲಿಲ್ಲ. ಅಂಥವೂ ಚಿಗುಸಾದ ಕಪಾಟು ಸೇರಿದವು.

ಆ ಅಂಗಡಿಯಲ್ಲಿ ಕುಳಿತು ಕಿವಿಯಿಂದಲೇ ಸ್ವರ ಹಿಡಿದು ಕಾಗದಕ್ಕಿಳಿಸುತ್ತಿದ್ದವರಲ್ಲಿ ತೊಶಿಕೊ ಅಕಿಯೊಶಿ ಎಂಬ ತರುಣಿಯೊಬ್ಬರಿದ್ದರು. 1929ರಲ್ಲಿ ಮಂಚೂರಿಯಾದಲ್ಲಿ ಹುಟ್ಟಿ, ಯುದ್ಧ ಮುಗಿದ ಮೇಲೆ ಎಲ್ಲ ಕಳೆದುಕೊಂಡು ಊರಿಗೆ ಮರಳಿದ ಕುಟುಂಬ ಅವರದು. ಮಗಳು ವೈದ್ಯಕೀಯ ಓದಬೇಕೆಂಬುದು ಮನೆಯವರ ಲೆಕ್ಕಾಚಾರ. (ಜಪಾನಿನಲ್ಲೂ ಅಪ್ಪ ಅಮ್ಮಂದಿರು ಬೇರೆ ಥರ ಅಲ್ಲ!) ಬೆಪ್ಪು ಎಂಬ ಊರಿನ ನೃತ್ಯಶಾಲೆಯಲ್ಲಿ ಪಿಯಾನೊ ನುಡಿಸುತ್ತಿದ್ದಾಗ ರೆಕಾರ್ಡು ಸಂಗ್ರಾಹಕರೊಬ್ಬರು ಟೆಡ್ಡಿ ವಿಲ್ಸನ್ ನುಡಿಸಿದ ಒಂದು ತಟ್ಟೆ ಕೇಳಿಸಿದರು. ವೈದ್ಯಕೀಯದ ಲೆಕ್ಕ ಅಲ್ಲಿಗೆ ತಪ್ಪಿತು. 1953ರಲ್ಲಿ ಟೋಕಿಯೊಗೆ ಬಂದಿದ್ದ ಪಿಯಾನೊ ವಾದಕ ಆಸ್ಕರ್ ಪೀಟರ್ಸನ್ ಅವರನ್ನು ಕೇಳಿ ಬೆರಗಾದರು. ಅವರ ಶಿಫಾರಸಿನಿಂದ ತೊಶಿಕೊ ಅವರದೇ ಧ್ವನಿಮುದ್ರಿಕೆ ಅಮೆರಿಕದಲ್ಲಿ ಹೊರಬಂತು. 1956ರಲ್ಲಿ ವಿದ್ಯಾರ್ಥಿವೇತನ ಪಡೆದು ಬಾಸ್ಟನ್ನಿನ ಬರ್ಕ್ಲೀ ಶಾಲೆ ಸೇರಿದರು. ಮುಂದೆ ದೊಡ್ಡ ವಾದ್ಯವೃಂದವೊಂದನ್ನು ಕಟ್ಟಿ ದಶಕಗಳ ಕಾಲ ನಡೆಸಿದರು. ಚಿಗುಸಾದ ಇನ್ನೊಬ್ಬ ಗಿರಾಕಿ, ಸ್ಯಾಕ್ಸೊಫೋನ್ ವಾದಕ ಸದಾವೊ ವತಾನಬೆ, 1962ರಲ್ಲಿ ಅದೇ ಶಾಲೆಗೆ ಹೋದರು.

ಈ ಕಥೆಯ ಒಂದು ಎಳೆ ಬೆಂಗಳೂರಿಗೂ ಬಂದು ಮುಟ್ಟುತ್ತದೆ. ತೊಶಿಕೊ 1959ರಲ್ಲಿ ಮದುವೆಯಾದದ್ದು ಚಾರ್ಲಿ ಮರಿಯಾನೊ ಎಂಬ ಸ್ಯಾಕ್ಸೊಫೋನ್ ವಾದಕರನ್ನು. ಆ ದಾಂಪತ್ಯ ಉಳಿಯಲಿಲ್ಲ. ಆದರೆ ಪೂರ್ವದೇಶಗಳ ಸಂಗೀತದ ಸೆಳೆತ ಮರಿಯಾನೊ ಅವರನ್ನು ಬಿಡಲಿಲ್ಲ. ದಕ್ಷಿಣ ಭಾರತದ ನಾಗಸ್ವರ ಕಲಿತು ಅದನ್ನು ತಮ್ಮ ರೆಕಾರ್ಡುಗಳಲ್ಲಿ ನುಡಿಸಿದರು. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಬಳಗದ ಜೊತೆಗೂಡಿ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ಮಾಡಿದರು. ಅದನ್ನು ಹೊರತಂದದ್ದು ಜರ್ಮನಿಯ ಇಸಿಎಂ ಸಂಸ್ಥೆ. ಆರ್.ಎ. ರಮಾಮಣಿಯವರ ಕಂಠ ಮತ್ತು ಮರಿಯಾನೊ ಅವರ ಸ್ಯಾಕ್ಸೊಫೋನ್ ಒಂದನ್ನೊಂದು ಅರಸಿಕೊಂಡು ಹೋಗುವ, ಹಿಂದೆ ಮೃದಂಗ, ಘಟ, ಖಂಜೀರಗಳು ನಡೆಯುವ ಈ ಧ್ವನಿಮುದ್ರಿಕೆಯನ್ನು ಬೆಂಗಳೂರಿನ ಎಷ್ಟು ಮನೆಗಳಲ್ಲಿ ಕೇಳಿದ್ದಾರೋ!

ಇತ್ತ ಜಪಾನಿನಲ್ಲಿ 1960ರ ದಶಕ ಜಾಝ್ ಕಿಸ್ಸಾಗಳ ಸುಗ್ಗಿಯ ಕಾಲ. ಡಾಲರಿಗೆ 360 ಯೆನ್. ವಿದೇಶಿ ವಿನಿಮಯದ ಮೇಲೆ ಸರ್ಕಾರದ ಬಿಗಿ ಹಿಡಿತ. ಆಮದು ರೆಕಾರ್ಡು ಕೊಳ್ಳುವುದು ವಿದ್ಯಾರ್ಥಿಗಳಿಗೆ ಕನಸಿನ ಮಾತು. ಕಾಫಿಯ ದುಡ್ಡಾದರೋ ಹೇಗೋ ಹೊಂದುತ್ತಿತ್ತು. ಒಂದು ಕಪ್ ಕಾಫಿಯ ಬೆಲೆಗೆ ಗಂಟೆಗಟ್ಟಲೆ ಕುಳಿತು, ಮಾಲೀಕ ತರಿಸಿದ ಹೊಸ ಎಲ್‌ಪಿ ಕೇಳಬಹುದಿತ್ತು. ಹೀಗೆ ಒಂದೇ ಪ್ರತಿ ನೂರಾರು ಜನರ ಕಿವಿಗೆ ಬೀಳುತ್ತಿತ್ತು. 1961ರ ಜನವರಿಯಲ್ಲಿ ಡ್ರಮ್ ವಾದಕ ಆರ್ಟ್ ಬ್ಲೇಕಿ ತಂಡದೊಂದಿಗೆ ಜಪಾನಿಗೆ ಬಂದ ಮೇಲಂತೂ ಹುಚ್ಚು ಹೆಚ್ಚಿತು. ಸೈಕಲ್ಲಿನಲ್ಲಿ ಸೇವಿಗೆ ಹೊತ್ತು ಹೋಗುವ ಹುಡುಗನೂ ಅವರ ‘ಮೋನಿನ್’ ಧಾಟಿಯನ್ನು ಸಿಳ್ಳೆ ಹಾಕುತ್ತಿದ್ದನೆಂದು ಹೇಳುವುದುಂಟು.

ಅಂಗಡಿಯ ಕ್ರಮಗಳೋ, ಮಠದ ಕಟ್ಟಳೆಗಳಂತೆ. ಮಬ್ಬು ಬೆಳಕು, ಗೋಡೆಯೆತ್ತರದ ಸ್ಪೀಕರುಗಳು, ಅವುಗಳ ಕಡೆಗೆ ಮುಖ ಮಾಡಿದ ಕುರ್ಚಿಗಳು. ಈಗ ತಿರುಗುತ್ತಿರುವ ರೆಕಾರ್ಡಿನ ಕವರನ್ನು ಎಲ್ಲರಿಗೂ ಕಾಣುವಂತೆ ನಿಲ್ಲಿಸಿರುತ್ತಾರೆ. ಗಿರಾಕಿ ತನಗೆ ಬೇಕಾದದ್ದನ್ನು ಕೋರಬಹುದು, ಆದರೆ ಒಂದೇ ಬದಿ, ಅಂದರೆ ಇಪ್ಪತ್ತು ನಿಮಿಷ. ಆಮೇಲೆ ಇನ್ನೊಬ್ಬರ ಸರದಿ. ಅನೇಕ ಅಂಗಡಿಗಳಲ್ಲಿ ಮಾತು ನಿಷಿದ್ಧ. ಪಿಸುಗುಟ್ಟಿದರೂ ಮಾಲೀಕನ ಕಣ್ಣು ಬೀಳುತ್ತಿತ್ತು.

ಒಂದು ಬದಿ ಎನ್ನುವ ಈ ನಿಯಮದಿಂದ ರೆಕಾರ್ಡುಗಳನ್ನು ಕೇಳುವ ರೀತಿಯೇ ಬದಲಾಯಿತು. 1959ರಲ್ಲಿ ಬಂದ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ತಟ್ಟೆಯ ಮೊದಲ ಬದಿಯಲ್ಲಿ ಮೂರು ರಚನೆಗಳು, ಎರಡನೆಯದರಲ್ಲಿ ಎರಡು. ಅವೆರಡೂ ಬೇರೆ ಬೇರೆ ಪುಸ್ತಕಗಳೋ ಎಂಬಂತೆ ಜನ ತಮ್ಮ ಬದಿ ಆರಿಸಿಕೊಳ್ಳುತ್ತಿದ್ದರು. ಅಂದಹಾಗೆ, ಈ ಪ್ರಸಿದ್ಧ ತಟ್ಟೆಯ ಮೊದಲ ಬದಿಯಲ್ಲೊಂದು ದೋಷವಿತ್ತು. ಮುದ್ರಣಯಂತ್ರ ಕೊಂಚ ನಿಧಾನವಾಗಿ ಓಡಿದ್ದರಿಂದ ತಟ್ಟೆಯಲ್ಲಿ ಶ್ರುತಿ ತುಸು ಏರಿತ್ತು. ಅದನ್ನು ಸರಿಪಡಿಸಿದ ಆವೃತ್ತಿ ಬಂದದ್ದು 1992ರಲ್ಲಿ. ಮೂರು ದಶಕಗಳ ಕಾಲ ಇದರ ಜೊತೆ ನುಡಿಸಿ ಕಲಿಯಹೊರಟವರು ‘ನನ್ನ ವಾದ್ಯವೇ ಸರಿಯಿಲ್ಲ’ ಎಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಹಾಗಾದರೆ ಚರ್ಚೆ ಎಲ್ಲಿ? ಒಂದಿಷ್ಟು ಪತ್ರಿಕೆಗಳಲ್ಲಿ. 1947ರಲ್ಲಿ ಹುಟ್ಟಿದ ‘ಸ್ವಿಂಗ್ ಜರ್ನಲ್’ ಮಾಸಿಕ 2010ರಲ್ಲಿ ನಿಲ್ಲುವವರೆಗೂ ಹೊಸ ರೆಕಾರ್ಡುಗಳ ವಿಮರ್ಶೆಗೆ ದೊಡ್ಡ ಅಡ್ಡೆಯಾಗಿತ್ತು. ಅಂಗಡಿ ಮಾಲೀಕರೂ ಬರೆಯುತ್ತಿದ್ದರು. ಟೋಕಿಯೊದ ಯೊತ್ಸುಯಾದಲ್ಲಿ 1967ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ‘ಈಗಲ್’ ತೆರೆದ ಗೊತೊ ಮಾಸಾಹಿರೊ ಅವರು ಯಾವ ರೆಕಾರ್ಡು ಕೇಳಬೇಕು, ಏಕೆ ಕೇಳಬೇಕು ಎಂದು ಹಲವು ಪುಸ್ತಕಗಳನ್ನೇ ಬರೆದರು. ಕಾದಂಬರಿಕಾರ ಹರುಕಿ ಮುರಕಾಮಿ ಕೂಡ 1974ರಲ್ಲಿ ಪತ್ನಿಯೊಡನೆ ‘ಪೀಟರ್ ಕ್ಯಾಟ್’ ಎಂಬ ಜಾಝ್ ಅಂಗಡಿ ಇಟ್ಟರು. ಮದುವೆ ಮೊದಲು, ಅಂಗಡಿ ಮತ್ತು ಸಾಲ ಆಮೇಲೆ, ಪದವಿ ಎಲ್ಲಕ್ಕಿಂತ ಕೊನೆಗೆ 1975ರಲ್ಲಿ. ತಂದೆತಾಯಿಗಳು ಮಕ್ಕಳಿಗೆ ತೋರಿಸಬಯಸುವ ಮೇಲ್ಪಂಕ್ತಿ ಇದಲ್ಲ ನಿಜ.

ಸ್ವಂತ ರೆಕಾರ್ಡ್ ಪ್ಲೇಯರುಗಳು ಬಂದವು, ಸಿ.ಡಿ. ಬಂತು, ಈಗ ಶುಕ್ರವಾರ ಬಿಡುಗಡೆಯಾದ ಧ್ವನಿಮುದ್ರಿಕೆ ಅಂದೇ ಪ್ರತಿಯೊಬ್ಬರ ಫೋನಿನಲ್ಲಿರುತ್ತದೆ. ಒಂದೇ ಪ್ರತಿಗಾಗಿ ಕಾಯುವ ಪ್ರಮೇಯವಿಲ್ಲ. ಒಂದೊಂದಾಗಿ ಕಿಸ್ಸಾಗಳು ಮುಚ್ಚಿದವು. ಯೊಶಿದಾ 1994ರಲ್ಲಿ ತೀರಿಕೊಂಡರು. ಚಿಗುಸಾ 2007ರಲ್ಲಿ ಬಾಗಿಲು ಹಾಕಿತು. ಆದರೆ ಹಳೆಯ ಗಿರಾಕಿಗಳು ಸುಮ್ಮನಿರಲಿಲ್ಲ. ರೆಕಾರ್ಡು, ಸ್ಪೀಕರು, ಮೇಜು, ಕುರ್ಚಿ ಎಲ್ಲವನ್ನೂ ಜೋಪಾನ ಮಾಡಿ 2012ರಲ್ಲಿ ನೊಗೆಯಲ್ಲಿಯೇ ಮತ್ತೆ ತೆರೆದರು. ಬರೀ ಹಳೆಯದನ್ನು ಕೇಳಿಸುವುದಕ್ಕೆ ತೃಪ್ತಿಪಡದೆ ಹೊಸ ಕಲಾವಿದರ ಎಲ್‌ಪಿಗಳನ್ನೂ ಹೊರತಂದರು. 2022ರಲ್ಲಿ ಹೊಸದಾಗಿ ಕಟ್ಟುವುದಕ್ಕೆಂದು ಅಂಗಡಿ ಮತ್ತೊಮ್ಮೆ ಮುಚ್ಚಿತು.

ಕಿಸ್ಸಾ ಹುಡುಕಿ ಹೋಗುವವರು ತಿಳಿದಿರಬೇಕಾದದ್ದು ಹೆಚ್ಚಿಲ್ಲ. ಬಾಗಿಲು ಮೆಲ್ಲಗೆ ತೆರೆಯಬೇಕು. ರೆಕಾರ್ಡಿನ ಬದಿ ಮುಗಿದು, ಮುಳ್ಳು ಮೇಲೆದ್ದ ಮೇಲೆ ಕಾಫಿ ಹೇಳುವುದು ಲೇಸು. ಕವರಿಗೆ ಸುತ್ತಿದ ಕಾಗದದ ಪಟ್ಟಿಗೆ ‘ಒಬಿ’ ಎನ್ನುತ್ತಾರೆ, ಕಿಮೊನೊಗೆ ಕಟ್ಟುವ ನಡುಪಟ್ಟಿಗೂ ಅದೇ ಹೆಸರು. ಅದನ್ನು ಹರಿಯುವುದು ಮಹಾಪರಾಧ. ಕೇಳಿದ್ದರ ಬಗ್ಗೆ ಮಾತಾಡಲೇಬೇಕೆನಿಸಿದರೆ ದುಡ್ಡು ಕೊಟ್ಟು ಹೊರಗೆ ಬರುವುದು. ನೊಗೆಯ ಓಣಿಗಳಲ್ಲಿ ಕೋಳಿ ಸುಡುವ ಅಂಗಡಿಗಳ ಬೆಂಚುಗಳಿವೆ. ಯಾವ ಬದಿ ಚೆನ್ನಾಗಿತ್ತೆಂಬ ಜಗಳಕ್ಕೆ ಅಲ್ಲಿ ಯಾರ ಅಡ್ಡಿಯೂ ಇಲ್ಲ.