ಹಿಂದಿನ ಬೆಂಚಿನ ಪ್ರಶ್ನೆ

ಮೂವತ್ತು ವರ್ಷ ಮಕ್ಕಳೆದುರು ನಿಂತು ಸಮಾಜ ವಿಜ್ಞಾನ ಹೇಳಿದ ಮೇಲೆ ನನಗೊಂದು ಸಂಗತಿ ಖಾತ್ರಿಯಾಗಿದೆ. ಮುಂದಿನ ಬೆಂಚಿನಿಂದ ಬರುವುದು ಉತ್ತರ, ಹಿಂದಿನ ಬೆಂಚಿನಿಂದ ಬರುವುದು ಪ್ರಶ್ನೆ. ಮುಂದೆ ಕೂತವರಿಗೆ ನಾನು ಬೋರ್ಡಿನ ಮೇಲೆ ಬರೆದದ್ದೆಲ್ಲ ವೇದವಾಕ್ಯ. ಹಿಂದೆ ಕೂತವರು ಕಿಟಕಿಯಾಚೆ ನೋಡುತ್ತಾರೆ, ಪೇರಲೆಕಾಯಿ ಹಂಚಿ ತಿನ್ನುತ್ತಾರೆ, ನಡುವೆ ತಟ್ಟನೆ ಒಂದು ಪ್ರಶ್ನೆ ಎಸೆಯುತ್ತಾರೆ. ಅದಕ್ಕೆ ಉತ್ತರ ಗೈಡಿನಲ್ಲಿ ಇರುವುದಿಲ್ಲ. ಆಗ ನಾವು ಶಿಕ್ಷಕರು ಮಾಡುವ ಮೊದಲ ಕೆಲಸವೆಂದರೆ "ಕೂತ್ಕೋ" ಎನ್ನುವುದು.

ಕಳೆದ ವರ್ಷ ನಾನೂ ಹಾಗೆಯೇ ಅಂದೆ. ಆ ಕತೆ ಹೇಳುವ ಮೊದಲು ನನ್ನ ಅಪ್ಪನ ಬಗ್ಗೆ ಹೇಳಬೇಕು.

ಅಪ್ಪ ಕುಮಟೆಯ ಕಡೆಯ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಯ ಮಾಸ್ತರರು. ಅವರಿಗೆ ಎರಡು ಚಟ. ಒಂದು ಕವಳ, ಇನ್ನೊಂದು ಪೇಪರು. ಪೇಪರಿನಲ್ಲಿಯೂ ಬೇರೆಯವರು ನೋಡದ ಮೂಲೆಗಳನ್ನೇ ಓದುವರು. ಪಾರ್ಲಿಮೆಂಟಿನಲ್ಲಿ ಯಾರು ಏನು ಕೇಳಿದರು, ಮಂತ್ರಿ ಏನೆಂದು ಜಾರಿಕೊಂಡರು ಎಂಬುದೆಲ್ಲ ಅವರಿಗೆ ಯಕ್ಷಗಾನದ ಪ್ರಸಂಗದ ಹಾಗೆ. "ತಂಗೀ, ಮಂತ್ರಿ ಆಡಿದ್ದನ್ನ ಎಲ್ಲರೂ ಓದ್ತಾರೆ. ಅದನ್ನ ಆಡಿಸಿದ್ದು ಯಾರು ಅಂತ ನೋಡು" ಎನ್ನುವರು.

ಅವರ ಬಾಯಲ್ಲಿ ಎರಡು ಹೆಸರು ಸದಾ ಬರುತ್ತಿದ್ದವು. ನಾಥ ಪೈ ಮತ್ತು ಮಧು ದಂಡವತೆ. ಇಬ್ಬರೂ ನಮ್ಮ ಜಿಲ್ಲೆಯವರಲ್ಲ, ನಮ್ಮ ರಾಜ್ಯದವರೂ ಅಲ್ಲ. ಮಹಾರಾಷ್ಟ್ರದ ಕೊಂಕಣದ ರಾಜಾಪುರ ಕ್ಷೇತ್ರದಿಂದ ಒಬ್ಬರಾದ ಮೇಲೊಬ್ಬರು ಲೋಕಸಭೆಗೆ ಹೋದ ಸಮಾಜವಾದಿಗಳು. ನಾಥ ಪೈ 1957ರಿಂದ 1971ರ ಜನವರಿಯಲ್ಲಿ ಬೆಳಗಾವಿಯಲ್ಲಿ ತೀರಿಕೊಳ್ಳುವವರೆಗೆ ಅಲ್ಲಿದ್ದರು. ಅದೇ ವರ್ಷ ಗೆದ್ದು ಬಂದ ದಂಡವತೆ ಅದೂ ಸೇರಿ ಒಟ್ಟು ಐದು ಚುನಾವಣೆ ಗೆದ್ದರು. ಇಬ್ಬರ ಪಕ್ಷಕ್ಕೂ ಮೊದಮೊದಲು ಅಲ್ಲಿದ್ದ ಬಲ ಬಹಳ ಚಿಕ್ಕದು. ಆದರೂ ನಾಥ ಪೈ ಎದ್ದು ನಿಂತರೆ ಸಭೆ ಕಿವಿಗೊಡುತ್ತಿತ್ತು. ಸಂವಿಧಾನದ ಮೂಲಭೂತ ಹಕ್ಕುಗಳನ್ನು ತಿದ್ದುವ ಅಧಿಕಾರ ಸಂಸತ್ತಿಗಿಲ್ಲ ಎಂದು 1967ರಲ್ಲಿ ಗೋಲಕನಾಥ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದಾಗ, ಆ ಅಧಿಕಾರ ಮರಳಿ ಬರಬೇಕೆಂದು ಖಾಸಗಿ ಮಸೂದೆ ತಂದವರು ಅವರು. ಮಸೂದೆ ಪಾಸಾಗಲಿಲ್ಲ. ಅವರು ತೀರಿಕೊಂಡ ವರ್ಷವೇ ಸರಕಾರ 24ನೇ ತಿದ್ದುಪಡಿಯಲ್ಲಿ ಅದೇ ಕೆಲಸ ಮಾಡಿತು. ಅದು ಸರಿಯೋ ತಪ್ಪೋ ಎಂದು ವಕೀಲರು ಇಂದಿಗೂ ವಾದಿಸುತ್ತಾರೆ. ಅಪ್ಪನಿಗೆ ಮುಖ್ಯವಾದದ್ದು ಬೇರೆ. ಅಷ್ಟು ದೊಡ್ಡ ವಿಷಯ ಎತ್ತುವ ಮನುಷ್ಯ ತನ್ನೂರಿಗೆ ರೈಲಿಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಕೇಳುತ್ತಿದ್ದ ಎಂಬುದು.

"ಅವರೂರಿಗೆ ರೈಲು ಬಂದರೆ ನಮಗೇನು ಅಪ್ಪ?" ಎಂದು ಅಣ್ಣ ಕೇಳಿದ್ದ.

"ರಾಜಾಪುರದಲ್ಲೇ ನಿಂತುಬಿಡಲಿಕ್ಕೆ ಅದೇನು ಎತ್ತಿನ ಗಾಡಿಯೇನೋ? ಮಂಗಳೂರಿಗೆ ಹೋಗಬೇಕಲ್ಲ. ನಮ್ಮ ಗದ್ದೆ ದಾಟದೆ ಹ್ಯಾಗೆ ಹೋಗ್ತದೆ?" ಎಂದು ಅಪ್ಪ ನಕ್ಕಿದ್ದರು.

ದಂಡವತೆಯವರ ಮೇಲೆ ಅಪ್ಪನಿಗೆ ಇನ್ನಷ್ಟು ಅಭಿಮಾನ. ಕಾರಣ ಅವರೂ ಮಾಸ್ತರರು. ಮುಂಬಯಿಯ ಸಿದ್ಧಾರ್ಥ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. 1975ರ ಜೂನಿನಲ್ಲಿ ಸಂಸತ್ತಿನ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದಾಗ ತುರ್ತುಪರಿಸ್ಥಿತಿ ಘೋಷಣೆಯಾಯಿತು. ವಾಜಪೇಯಿ, ಅಡ್ವಾಣಿಯವರ ಜೊತೆ ಇವರನ್ನೂ ಹಿಡಿದು ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹಾಕಿದರು. ಹೆಂಡತಿ ಪ್ರಮೀಳಾ ಯೆರವಾಡ ಜೈಲಿನಲ್ಲಿ. ಗಂಡ ಹೆಂಡಿರು ಒಂದು ಜೈಲಿನಿಂದ ಇನ್ನೊಂದಕ್ಕೆ ಕಾಗದ ಬರೆದುಕೊಂಡರು. ಆ ಜೈಲು ಈಗ ಫ್ರೀಡಂ ಪಾರ್ಕ್. ಒಮ್ಮೆ ಪ್ರವಾಸಕ್ಕೆ ಹೋದಾಗ ಮಕ್ಕಳಿಗೆ ಅದನ್ನು ತೋರಿಸಿದೆ. ಒಬ್ಬ ಹುಡುಗ, "ಅಕ್ಕೋರೆ, ಪ್ರಶ್ನೆ ಕೇಳಿದ್ದಕ್ಕೆ ಜೈಲಿಗೆ ಹಾಕಿದ್ರಾ?" ಎಂದ. ಸುಮಾರಾಗಿ ಹಾಗೆಯೇ ಎಂದೆ.

1977ರಲ್ಲಿ ದಂಡವತೆ ರೈಲ್ವೆ ಮಂತ್ರಿಯಾದರು. ಎರಡನೇ ದರ್ಜೆಯ ಮರದ ಹಲಗೆಗೆ ಮೆತ್ತೆ ಹಾಕಿಸಿದರು. ಅಪ್ಪ ಆ ಸುದ್ದಿಯನ್ನು ಮನೆಮಂದಿಗೆಲ್ಲ ಓದಿ ಹೇಳಿದರು. ಆಗ ನಾನು ರೈಲನ್ನೇ ನೋಡಿರಲಿಲ್ಲ. ಹುಬ್ಬಳ್ಳಿಗೆ ಹೋಗಿ ಮೊದಲ ಬಾರಿ ನೋಡಿದಾಗ ಹದಿನೈದು ವರ್ಷ. ಮಂತ್ರಿಗಿರಿ ಎರಡು ವರ್ಷಕ್ಕೆ ಮುಗಿಯಿತು, ಅವರು ಮತ್ತೆ ವಿರೋಧ ಪಕ್ಷದ ಬೆಂಚಿಗೆ ಬಂದು ಕೂತರು. ಮುಂಬಯಿ ಕಡೆಯ ಹಳಿ 1986ರಲ್ಲಿ ರೋಹಾದವರೆಗೆ ಬಂದು ನಿಂತಿತು. ಅಲ್ಲಿಂದೀಚೆ ಬೆಟ್ಟ, ಹೊಳೆ, ಮಳೆ.

1989ರಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿ, ದಂಡವತೆ ಹಣಕಾಸು ಮಂತ್ರಿ. ಕೇಳುತ್ತ ಬಂದವರೇ ಕೊಡುವ ಜಾಗಕ್ಕೆ ಬಂದಿದ್ದರು. ಮರುವರ್ಷ, 1990ರಲ್ಲಿ, ಕೊಂಕಣ ರೈಲ್ವೆ ನಿಗಮವಾಯಿತು. ಕೇಂದ್ರದ ಪಾಲು ನೂರಕ್ಕೆ 51, ಉಳಿದದ್ದು ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳದ್ದು. ಅದರ ಮುಂದಿನ ವರ್ಷ ಚುನಾವಣೆ ಬಂತು. ದಂಡವತೆ ಸೋತರು. ರೈಲಿನ ಕೆಲಸ ನಡೆಯುತ್ತಿದ್ದಾಗಲೇ, ರೈಲು ಕೇಳಿದ ಕ್ಷೇತ್ರದಲ್ಲೇ.

ನನಗೆ ಸಿಟ್ಟು ಬಂದಿತ್ತು. "ಎಂಥ ಜನ ಅಪ್ಪ!" ಎಂದೆ. ಅಪ್ಪ ಕವಳ ಹಾಕುತ್ತ, "ಮಗ್ಗಿ ಹೇಳುವಾಗ ಮಗ್ಗಿ ಕಲಿಸಿದ ಮಾಸ್ತರನ್ನ ಯಾರು ನೆನೀತಾರೆ ತಂಗೀ? ಮಗ್ಗಿ ಬಂದರೆ ಸಾಕು" ಎಂದರು.

1992ರ ಆಷಾಢದಲ್ಲಿ ಆಯಿ ತೀರಿಕೊಂಡಳು. ಅಣ್ಣ ಮುಂಬಯಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದ. ಅವನ ಮಾಲಕರ ಮನೆಗೆ ಫೋನು ಸಿಗುವಷ್ಟರಲ್ಲಿ ಸಂಜೆ. ಅವನು ಬಸ್ಸು ಹಿಡಿದು ಬೆಳಗಾವಿ, ಹುಬ್ಬಳ್ಳಿ ದಾಟಿ ಬರುವಾಗ ಅರಬೈಲು ಘಟ್ಟದಲ್ಲಿ ಮರ ಬಿದ್ದು ದಾರಿ ಕಟ್ಟಿತ್ತು. ಊರಿನವರು ಎಷ್ಟೆಂದು ಕಾಯುತ್ತಾರೆ? ಮಳೆ ಕೊಂಚ ಹೊಳವಾದಾಗ ಎತ್ತಿಬಿಟ್ಟರು. ಅಣ್ಣ ಬಂದದ್ದು ಅದರ ಮರುದಿನ. ರೈಲು ಹಾದಿಗೆಂದು ನಮ್ಮ ಮನೆಯ ಹಿಂದೆ ಗುಡ್ಡ ಕಡಿದಿದ್ದರು. ಆ ಕೆಂಪು ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಅವನು ನಡೆದು ಬಂದದ್ದು ಈಗಲೂ ಕಣ್ಣೆದುರಿಗಿದೆ. ಅವನು ನೇರ ಸ್ಮಶಾನಕ್ಕೆ ಹೋದ. ಬೂದಿಯೂ ತಣ್ಣಗಾಗಿತ್ತು. ಅಪ್ಪ ಏನೂ ಅನ್ನಲಿಲ್ಲ. ರಾತ್ರಿ ಮಾತ್ರ, "ಕೇಳಲಿಕ್ಕೆ ಶುರು ಮಾಡಿ ಮೂವತ್ತು ವರ್ಷ ಆಯ್ತು" ಎಂದರು. ಯಾರಿಗೆ ಹೇಳಿದರೋ.

1998ರ ಜನವರಿ 26ಕ್ಕೆ ರೋಹಾದಿಂದ ಮಂಗಳೂರಿನವರೆಗಿನ 741 ಕಿಲೋಮೀಟರ್ ಹಾದಿ ಪೂರ್ತಿ ತೆರೆಯಿತು. 90ಕ್ಕೂ ಹೆಚ್ಚು ಸುರಂಗ, ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರು ಉದ್ದದ ಸೇತುವೆ. ಅಪ್ಪನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಬಿಳಿ ಅಂಗಿ, ಇಸ್ತ್ರಿ ಮಾಡಿದ ಪಂಚೆ. ಗಾಡಿ ಬಂತು, ನಿಂತಿತು, ಹೋಯಿತು. ಅಪ್ಪ ಹತ್ತಲಿಲ್ಲ. "ಎಲ್ಲಿಗೆ ಹೋಗೋದು? ಬರಬೇಕಾದವನು ಬಂದರೆ ಆಯ್ತು" ಎಂದರು. ಐದು ವರ್ಷದ ನಂತರ ಅಪ್ಪ ಹೋದಾಗ ಅಣ್ಣ ರೈಲಿನಲ್ಲಿ ಬಂದ. ಹೊತ್ತಿಗೆ ಸರಿಯಾಗಿ ಬಂದು ಹೆಗಲು ಕೊಟ್ಟ. ದಂಡವತೆ ಹೋದದ್ದು 2005ರಲ್ಲಿ. ಅವರ ಇಚ್ಛೆಯಂತೆ ದೇಹವನ್ನು ಮುಂಬಯಿಯ ಆಸ್ಪತ್ರೆಗೆ ದಾನ ಕೊಟ್ಟರಂತೆ. ಮಾಸ್ತರರು ಕೊನೆಗೂ ಕಲಿಸುವುದನ್ನು ಬಿಡಲಿಲ್ಲ ಎಂದುಕೊಂಡೆ.

ಇಷ್ಟೆಲ್ಲ ಕಂಡವಳು ನಾನು. ಒಂಬತ್ತನೇ ತರಗತಿಗೆ ಸಂಸತ್ತಿನ ಪಾಠ ಹೇಳುವಾಗ ಇದನ್ನೆಲ್ಲ ಸೇರಿಸಿ ಹೇಳುತ್ತೇನೆ. ಲೋಕಸಭೆಯಲ್ಲಿ ಅಧಿವೇಶನದ ದಿನದ ಮೊದಲ ತಾಸು ಪ್ರಶ್ನೋತ್ತರದ್ದು. ಹದಿನೈದು ದಿನ ಮೊದಲೇ ನೋಟಿಸು ಕೊಡಬೇಕು. ಚೀಟಿ ಎತ್ತಿದ ಹಾಗೆ ಆರಿಸಿ ದಿನಕ್ಕೆ 20 ಪ್ರಶ್ನೆಗೆ ನಕ್ಷತ್ರದ ಗುರುತು ಹಾಕುತ್ತಾರೆ. ನಕ್ಷತ್ರ ಬಿದ್ದರೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು. ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಸಿದ್ಧ ಉತ್ತರ ಓದುವ ಮಂತ್ರಿ ಬೆವರುವುದು ಆ ಉಪಪ್ರಶ್ನೆಗೆ. ಆಮೇಲೆ ಶೂನ್ಯವೇಳೆ. ಅದೂ ಸಿಗದಿದ್ದರೆ ಲೋಕಸಭೆಯ 377ನೇ ನಿಯಮದಡಿ ಊರಿನ ಅಹವಾಲು ಓದಬಹುದು. ಹಳ್ಳಿಯ ರೈಲುಗೇಟಿನಿಂದ ಹಿಡಿದು ಸಮುದ್ರ ಕೊರೆತದವರೆಗೆ ಎಷ್ಟೋ ವಿಷಯ ಆ ದಾರಿಯಲ್ಲಿ ದಿಲ್ಲಿ ತಲುಪುತ್ತವೆ. ಮಂತ್ರಿಯಾಗದವನಿಗೂ ಇಷ್ಟು ಬಾಗಿಲುಗಳಿವೆ, ತಟ್ಟುವ ಬೆರಳು ಗಟ್ಟಿಯಿರಬೇಕು ಎಂದು ಪಾಠ ಮುಗಿಸುತ್ತೇನೆ. 2020ರಲ್ಲಿ ಕೊರೋನಾ ಕಾಲದ ಒಂದು ಅಧಿವೇಶನದಲ್ಲಿ ಪ್ರಶ್ನೋತ್ತರದ ತಾಸನ್ನೇ ಕೈಬಿಟ್ಟಾಗ ನನಗೆ ಅಪ್ಪ ನೆನಪಾಗಿದ್ದರು.

ಹೀಗೆ ಭಾಷಣ ಮಾಡುವವಳು ಕಳೆದ ವರ್ಷ ಏನು ಮಾಡಿದೆ ನೋಡಿ. ನಮ್ಮ ಶಾಲಾ ಸಂಸತ್ತಿನ ಉದ್ಘಾಟನೆ. ಪ್ರಧಾನಿ, ಆರೋಗ್ಯ ಮಂತ್ರಿ, ಕ್ರೀಡಾ ಮಂತ್ರಿ ಎಲ್ಲ ಮುಂದಿನ ಬೆಂಚಿನವರೇ. ವೇದಿಕೆಯ ಮೇಲೆ ಹೆಡ್‌ಮಾಸ್ತರರು, ಊರಿನ ಹಿರಿಯರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದಳು. ತಾಯಿ ಮೀನು ಮಾರುವವಳು, ಇವಳು ಮಾತು ಕಡಿಮೆ.

"ಹೆಣ್ಣುಮಕ್ಕಳ ಪಾಯಖಾನೆಯ ಕೀಲಿ ಆಫೀಸಿನಲ್ಲಿ ಯಾಕೆ ಇಡ್ತಾರೆ? ಅಲ್ಲಿ ಹೋಗಿ ಕೇಳಲಿಕ್ಕೆ ನಮಗೆ ನಾಚಿಕೆ ಆಗ್ತದೆ."

ಗಂಡುಹುಡುಗರು ನಕ್ಕರು. ಹಿರಿಯರು ಚಾವಣಿ ನೋಡಿದರು. ನಾನು ಥಟ್ಟನೆ, "ಕೂತ್ಕೋ, ಇದು ಇಲ್ಲಿ ಕೇಳುವ ವಿಷಯ ಅಲ್ಲ" ಎಂದೆ. ಅವಳು ಕೂತಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಆ ರಾತ್ರಿ ನಿದ್ರೆ ಹತ್ತಲಿಲ್ಲ. ಇಲ್ಲಿ ಕೇಳದಿದ್ದರೆ ಎಲ್ಲಿ ಕೇಳಬೇಕಿತ್ತು? ತಿಂಗಳಿಗೆ ಮೂರು ನಾಲ್ಕು ದಿನ ಕೆಲವು ಹುಡುಗಿಯರ ಹಾಜರಿಗೆ ನಾನೇ ಕೆಂಪು ಶಾಯಿಯಲ್ಲಿ ಗೈರು ಹಾಕುತ್ತೇನೆ. ಕಾರಣ ನನಗೆ ಗೊತ್ತಿಲ್ಲವೇ? ನಾನೂ ಹುಡುಗಿಯಾಗಿದ್ದವಳು. ಹೊಟ್ಟೆನೋವು ಎಂದು ಸುಳ್ಳು ಹೇಳಿ ಮನೆಗೆ ಓಡಿದವಳು. ಐವತ್ತು ದಾಟಿದರೂ ಕೇಳದ ಪ್ರಶ್ನೆಯನ್ನು ಹದಿನಾಲ್ಕರ ಹುಡುಗಿ ಕೇಳಿದ್ದಳು, ನಾನು ಅವಳ ಬಾಯಿ ಮುಚ್ಚಿಸಿದ್ದೆ.

ಮರುದಿನ ತರಗತಿಯಲ್ಲಿ ಎಲ್ಲರೆದುರು, "ನಿನ್ನೆ ತಪ್ಪಿದ್ದು ನಾನು" ಎಂದೆ. ಹುಡುಗಿ ತಲೆ ತಗ್ಗಿಸಿದಳು. ಶಿಕ್ಷಕರ ಸಭೆಯಲ್ಲಿ ನಾನೇ ವಿಷಯ ಎತ್ತಿದೆ. ಹೆಡ್‌ಮಾಸ್ತರರು ಒಳ್ಳೆಯವರು, ಆದರೆ ಮಂತ್ರಿಗಳ ಭಾಷೆ ಅವರಿಗೂ ಬರುತ್ತದೆ. "ಪರಿಶೀಲಿಸೋಣ" ಎಂದರು.

"ಯಾವಾಗ ಸರ್?" ಎಂದೆ. ಅದು ನನ್ನ ಜೀವಮಾನದ ಮೊದಲ ಉಪಪ್ರಶ್ನೆ. ಕೈ ನಡುಗುತ್ತಿತ್ತು.

ಎರಡು ವಾರ ಹಿಡಿಯಿತು. ಈಗ ಬೀಗವೇ ಇಲ್ಲ. ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಹುಡುಗಿ ಈಗಲೂ ಹಿಂದಿನ ಬೆಂಚಿನಲ್ಲೇ ಕೂರುತ್ತಾಳೆ. ಮುಂದೆ ಬಾ ಎಂದು ನಾನು ಕರೆದಿಲ್ಲ.

ಮೊನ್ನೆ ಪಾಠ ಮುಗಿಸಿ ಹೊರಡುವಾಗ ಬಾಗಿಲ ಬಳಿ ನಿಂತು ಕೇಳಿದಳು: "ಅಕ್ಕೋರೆ, ಬೀಗ ತೆಗೆದ್ರು. ಒಳಗಿನ ಚಿಲಕ ಮುರಿದು ಹೋಗಿದೆಯಲ್ಲ, ಅದು ಯಾವಾಗ?"

ಹದಿನೈದು ದಿನದ ಸಮಯ ಕೇಳಿದ್ದೇನೆ.